ಮುರಿಗೆಪ್ಪನ ತಗ್ಗು

ಮಸಗುಪ್ಪಿಯ ಮುರಿಗೆಪ್ಪನಿಗೆ ನಿದ್ದೆ ಬರುತ್ತಿದ್ದ ರೀತಿಯೇ ಬೇರೆ. ಉಳಿದವರಿಗಾದರೆ ಒಂದು ಕಂಬಳಿ, ಒಂದು ಕೌದಿ, ಒಂದಿಷ್ಟು ಕತ್ತಲೆ ಬೇಕು. ಇವನಿಗೆ ಒರಗಲು ಒಂದು ಕಂಬ ಸಿಕ್ಕರೆ ಆಯಿತು, ಕಂಬ ಇಲ್ಲದ ಕಡೆ ಎತ್ತಿನ ಮೈ. ಒಂದು ಸಲ ಕುಂಟೆ ಹೊಡೆಯುತ್ತಲೇ ಕಣ್ಣು ಮುಚ್ಚಿಬಿಟ್ಟ. ಎತ್ತುಗಳು ಹೇಳುವವರಿಲ್ಲದೆ ಬದು ದಾಟಿ ಬಾಜೂದವರ ಹೊಲವನ್ನೂ ಅರ್ಧ ಹರಗಿ ಮುಗಿಸಿದವು. ಸಂಜೆಗೆ ಆ ಹೊಲದವನು ಮನೆಗೆ ಬಂದು, "ಭಾಳ ಉಪಕಾರ ಆತು ಮುರಿಗೆಪ್ಪಣ್ಣ, ಉಳಿದದ್ದು ನಾಳೆ ಮಾಡ್ತಿ ಏನು?" ಎಂದು ಕೇಳಿದಾಗಲೇ ಇವನಿಗೆ ಸುದ್ದಿ ಗೊತ್ತಾದದ್ದು.

ಹಾಗಂತ ಅವನು ಸೋಮಾರಿ ಅಲ್ಲ. ನಾಲ್ಕು ಎಕರೆ ಎರಿಹೊಲ, ಎರಡು ಮುದಿ ಎತ್ತು, ಕಾಶೆವ್ವ ಎನ್ನುವ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಎಚ್ಚರ ಇದ್ದಷ್ಟು ಹೊತ್ತು ಮೈಮುರಿದು ದುಡಿಯುತ್ತಿದ್ದ. ದುಡಿದರೂ ಹೊಲ ಮಾತ್ರ ಐದು ಚೀಲಕ್ಕಿಂತ ಹೆಚ್ಚು ಜೋಳ ಕೊಡುತ್ತಿರಲಿಲ್ಲ. ಅಪ್ಪನ ಕಾಲದಲ್ಲಿ ಕೊಡುತ್ತಿತ್ತಂತೆ. ಜೋಳ ತುಂಬಿಡಲು ಅಜ್ಜ ತೋಡಿಸಿದ ಹಗೇವು ಈಗ ಖಾಲಿ ಬಿದ್ದು, ಅದರೊಳಗೆ ಮಕ್ಕಳು ತಲೆ ತೂರಿಸಿ "ಓ" ಎಂದು ಕೂಗಿ ದನಿ ಕೇಳುವ ಆಟಕ್ಕಷ್ಟೇ ಉಪಯೋಗವಾಗುತ್ತಿತ್ತು. ಸುಗ್ಗಿಯ ಜೋಳ ಮಳೆ ಶುರುವಾಗುವ ಕಾರಹುಣ್ಣಿವೆಗೇ ಮುಗಿಯುತ್ತಿತ್ತು. ಆಮೇಲೆ ಮನೆಗೆ ಕೀಲಿ ಹಾಕಿ, ನಾಲ್ವರೂ ಗಂಟು ಕಟ್ಟಿಕೊಂಡು ಧುಪದಾಳದ ಕಡೆಗೆ ಹೋಗುವುದು. ಅಲ್ಲಿ ಕಾಲುವೆ ನೀರಿನ ಕಬ್ಬಿನ ಗದ್ದೆಗಳಲ್ಲಿ ಕಳೆ ತೆಗೆದು, ಮಳೆಗಾಲವೆಲ್ಲ ಯಾರದೋ ದನದ ಕೊಟ್ಟಿಗೆಯ ಮೂಲೆಯಲ್ಲಿ ಮಲಗಿ, ಹಿಂಗಾರಿ ಬಿತ್ತಿಗೆಯ ಹೊತ್ತಿಗೆ ತಿರುಗಿ ಬರುವುದು. ಮದುವೆಯಾದ ವರ್ಷದಿಂದ ಹೀಗೆಯೇ.

ಆ ವರ್ಷ, ಅಂದರೆ ಸಾವಿರದ ಒಂಬೈನೂರಾ ಮೂವತ್ತೈದರ ಸುಗ್ಗಿ ಮುಗಿದ ಮೇಲೆ, ಗೋಕಾಕದಿಂದ ಒಬ್ಬ ಕಾಮಗಾರ ಸೈಕಲ್ಲು ತುಳಿದುಕೊಂಡು ಬಂದ. ಸರಕಾರದ ಒಕ್ಕಲುತನದ ಖಾತೆಯವನು, ಗುರುಲಿಂಗಪ್ಪ ಅಂತ ಹೆಸರು. ಕರಿ ಟೋಪಿ, ಎಣ್ಣೆ ಹಚ್ಚಿದ ಮೀಸೆ, ಮಾತು ಶುರು ಮಾಡಿದರೆ ಮುಗಿಸುವುದು ಗೊತ್ತಿರಲಿಲ್ಲ. ಊರವರನ್ನೆಲ್ಲ ಚಾವಡಿಗೆ ಕರೆಸಿ ತಿಪ್ಪೆಯ ವಿಷಯವಾಗಿ ಭಾಷಣ ಮಾಡಿದ.

"ನಿಮ್ಮ ಹೊಲ ಹಸದೈತ್ರಿ. ನೀವು ಸೆಗಣಿ ಎಲ್ಲಾ ಕುಳ್ಳ ತಟ್ಟಿ ಒಲಿಗೆ ಹಾಕ್ತೀರಿ. ಉಳಿದ ಕಸ ಬಯಲಾಗ ಚೆಲ್ತೀರಿ, ಬಿಸಲಿಗೆ ಒಣಗತೈತಿ, ಗಾಳಿಗೆ ಹಾರತೈತಿ. ತಗ್ಗು ತೋಡಿ ಅದರಾಗ ತುಂಬಿ, ನೀರು ಹಾಕಿ, ಮಣ್ಣು ಮುಚ್ಚಿ ಕೊಳಿಸ್ರಿ. ಬಂಗಾರದಂಥಾ ಗೊಬ್ಬರ ಆಗತೈತಿ! ಈ ಊರಾಗ ಒಂದು ಮಾದರಿ ತಗ್ಗು ಆಗಬೇಕು. ಯಾರು ಮುಂದ ಬರ್ತೀರಿ?"

ಊರ ಗೌಡ ಲಕ್ಕಪ್ಪಗೌಡರು ಮಾಳಿಗೆಯ ಜಂತಿ ಎಣಿಸತೊಡಗಿದರು. ಗೌಡರು ನೋಡಿದ್ದನ್ನೇ ಊರವರೂ ನೋಡಿದರು. ಮುರಿಗೆಪ್ಪ ಮೂಲೆಯ ಕಂಬಕ್ಕೆ ಒರಗಿದ್ದ. ಭಾಷಣದ ಎರಡನೆಯ ಮಾತಿಗೇ ಅವನಿಗೆ ಜೋಂಪು ಹತ್ತಿತ್ತು. ಈಗ ತಲೆ ಮುಂದಕ್ಕೆ ವಾಲಿತು, ಎದ್ದಿತು, ಮತ್ತೆ ವಾಲಿತು.

"ಶಾಬಾಸ್!" ಎಂದು ಗುರುಲಿಂಗಪ್ಪ ಜಿಗಿದು ಬಂದು ಅವನ ಕೈ ಹಿಡಿದು ಕುಲುಕಿದ. "ಇಡೀ ಊರಾಗ ಒಬ್ಬ ಗಂಡಸು ಅದಾನ ನೋಡ್ರಿ!"

ಮುರಿಗೆಪ್ಪ ಕಣ್ಣು ಬಿಟ್ಟ. ಯಾರೋ ಟೋಪಿಯವರು ತನ್ನ ಕೈ ಹಿಡಿದು ನಗುತ್ತಿದ್ದಾರೆ, ಊರೆಲ್ಲ ಚಪ್ಪಾಳೆ ತಟ್ಟುತ್ತಿದೆ. ಇಂಥ ಹೊತ್ತಿನಲ್ಲಿ 'ಇಲ್ಲ' ಎನ್ನುವುದು ಚೆನ್ನಾಗಿರುವುದಿಲ್ಲ ಎಂದು ತಿಳಿದು, "ಆಗಲ್ರಿ" ಎಂದ.

ಮನೆಗೆ ಬಂದಾಗ ಕಾಶೆವ್ವ ರೊಟ್ಟಿ ಬಡಿಯುತ್ತಿದ್ದಳು.

"ಚಾವಡ್ಯಾಗ ಏನೋ ಹೂ ಅಂದು ಬಂದ್ರಂತ?"

"ಹೂನು."

"ಯಾವುದಕ್ಕ?"

"ಅದು ಗೊತ್ತಾಗಲಿಲ್ಲ," ಎಂದ ಮುರಿಗೆಪ್ಪ. "ಆದ್ರ ಎಲ್ಲಾರಿಗೂ ಭಾಳ ಸಂತೋಷ ಆತು ನೋಡು."

ಗೊತ್ತಾದದ್ದು ಮರುದಿನ. ಊರಬಾಗಿಲಾದ ಅಗಸಿಯ ಹೊರಗೆ ಮುರಿಗೆಪ್ಪನ ಒಂದು ಖುಲ್ಲಾ ಜಾಗ ಇತ್ತು. ಗುರುಲಿಂಗಪ್ಪ ಅಲ್ಲಿಗೆ ಬಂದು, ಚೀಲದಿಂದ ಒಂದು ಮಡಿಚಿದ ಕಾಗದ ತೆಗೆದು ನೋಡಿದ. ಸೂರ್ಯ ಯಾವ ಕಡೆಗೆ ಇದ್ದಾನೆ ನೋಡಿದ. ಟೇಪು ಹಿಡಿದು ಉದ್ದ ಅಗಲ ಅಳೆದು, ಸುಣ್ಣದ ಪುಡಿಯಿಂದ ನಾಲ್ಕು ಗೆರೆ ಎಳೆದು, "ಇಲ್ಲೇ ತೋಡ್ರಿ. ಸೊಂಟದ ಮಟ. ನಾ ಹದಿನೈದು ದಿನಕ್ಕ ಬರ್ತೇನಿ" ಎಂದು ಸೈಕಲ್ಲು ಹತ್ತಿ ಹೋದ.

ಇದನ್ನೆಲ್ಲ ಮುರಿಗೆಪ್ಪನ ನೆರೆಮನೆಯ ಅಲ್ಲವ್ವ ನೀರಿನ ಕೊಡ ಸೊಂಟದ ಮೇಲಿಟ್ಟುಕೊಂಡು ನೋಡಿದಳು. ಅಲ್ಲವ್ವ ಚಾವಡಿಯ ಭಾಷಣಕ್ಕೆ ಹೋಗಿರಲಿಲ್ಲ. ಅವಳು ಕಂಡದ್ದು ಇಷ್ಟು: ಸರಕಾರದವನು ಬಂದ, ಹಳೇ ಕಾಗದ ನೋಡಿದ, ಸೂರ್ಯನ್ನ ನೋಡಿದ, ಸುಣ್ಣ ಹಾಕಿದ, ಇಲ್ಲೇ ತೋಡು ಅಂದ. ಕೊಡದ ನೀರು ಮನೆ ಮುಟ್ಟುವ ಮೊದಲೇ ಸುದ್ದಿ ಊರು ಮುಟ್ಟಿತು. ಭಾಷಣಕ್ಕೆ ಹೋದವರು ಕೆಲವರು, "ಅಂವಾ ತಿಪ್ಪಿ ತಗ್ಗು ಅಂದಿದ್ದನವಾ" ಎಂದರು. "ಎಲ್ಲಾರ ಮುಂದ ಹುಗದಿಟ್ಟ ಹಣಾ ತೋಡತೇನಿ ಅಂತ ಅಂತಾನ ಏನು?" ಎಂದು ಅಲ್ಲವ್ವ ಕೇಳಿದಳು. "ಬಂಗಾರ ಅಂದನೋ ಇಲ್ಲೋ?" ಬಂಗಾರ ಅಂದಿದ್ದಂತೂ ಎಲ್ಲರೂ ಕೇಳಿದ್ದರು.

ಮರುದಿನ ಮುರಿಗೆಪ್ಪ ಸಲಿಕೆ ಹಿಡಿದು ಅಗಸಿಗೆ ಹೋಗುವಷ್ಟರಲ್ಲಿ ಅಲ್ಲಿ ಮೂವತ್ತು ಮಂದಿ ಗುದ್ದಲಿ ಹಿಡಿದು ನಿಂತಿದ್ದರು. ಲಕ್ಕಪ್ಪಗೌಡರು ಮುಂದೆ ಬಂದು ಹೇಳಿದರು: "ಊರ ಗಡ್ಯಾಗ ಏನು ಸಿಕ್ಕರೂ ಅದು ಊರಿಂದು, ಮುರಿಗೆಪ್ಪಾ. ಒಬ್ಬಾಂವ ಯಾಕ ತ್ರಾಸು ತಗೋತಿ? ಎಲ್ಲಾರೂ ಕೂಡಿ ತೋಡೂಣು."

ಮುರಿಗೆಪ್ಪನ ಕಣ್ಣು ತುಂಬಿ ಬಂತು. ಇಂಥ ಊರು ಯಾರಿಗೆ ಸಿಗುತ್ತದೆ? ಕೈ ಮುಗಿದು, ಬೇವಿನ ಗಿಡದ ನೆರಳಿಗೆ ಹೋಗಿ ಒರಗಿದ.

ಊರು ಎರಡು ದಿನ ತೋಡಿತು. ಸೊಂಟದ ಮಟ್ಟ ದಾಟಿತು. ಎದೆಮಟ್ಟ ದಾಟಿತು. ತಲೆ ಮುಳುಗುವಷ್ಟಾದಾಗ ಒಂದು ಒಡೆದ ಮಡಿಕೆಯ ಚೂರು ಸಿಕ್ಕಿತು. ಹುರುಪಿನಿಂದ ಮತ್ತೊಂದು ಮೊಳ ತೋಡಿದರು. ಎತ್ತಿನ ಗೊರಸಿಗೆ ಬಡಿಯುವ ಒಂದು ತುಕ್ಕು ಹಿಡಿದ ನಾಲು ಸಿಕ್ಕಿತು. ಆಮೇಲೆ ಗುದ್ದಲಿ ಖಣ್ಣೆಂದಿತು. ಎಲ್ಲರೂ ಬಗ್ಗಿ ಮಣ್ಣು ಸರಿಸಿದರು. ಅದು ಬಂಡೆ.

ಗೌಡರು ಬೆವರು ಒರೆಸಿಕೊಳ್ಳುತ್ತ ಗಿಡದ ಕೆಳಗಿನವನನ್ನು ಅಲುಗಾಡಿಸಿ ಎಬ್ಬಿಸಿದರು. "ಎಲ್ಲಿ ಐತೋ ಹಣಾ?"

"ಯಾವ ಹಣಾರಿ?" ಎಂದ ಮುರಿಗೆಪ್ಪ. "ಇದು ಕಸಾ ಹಾಕಾಕ. ಸೊಂಟದ ಮಟಾ ಸಾಕಿತ್ತು. ನೀವು ಇಷ್ಟು ಪ್ರೀತಿಯಿಂದ ತೋಡುವಾಗ ಹ್ಯಾಂಗ ಬ್ಯಾಡ ಅನ್ನೂದು ಅಂತ ಸುಮ್ಮನಿದ್ದೆ."

ಊರಿಗೆ ಬಂದ ಸಿಟ್ಟು ಹೇಳತೀರದು. ಎರಡು ದಿನದ ಕೂಲಿ, ಅಂಗೈ ತುಂಬ ಬೊಬ್ಬೆ, ಸಿಕ್ಕಿದ್ದು ಒಂದು ನಾಲು. "ಕಸಾ ಬೇಕೇನೋ ನಿನಗ? ತಗೋ ಕಸಾ!" ಎಂದು ಗೌಡರು ಮನೆಗೆ ಹೋಗಿ, ಆಳಿನ ಕೈಯಲ್ಲಿ ದನದ ಕೊಟ್ಟಿಗೆಯ ಕಸ ಹೊರಿಸಿಕೊಂಡು ಬಂದು, ಊರೆಲ್ಲ ನೋಡುವಂತೆ ತಗ್ಗಿಗೆ ಸುರುವಿದರು. ಅಲ್ಲವ್ವ ಒಂದು ಹರಿದ ಚಾಪೆ ಮತ್ತು ಒಲೆಯ ಬೂದಿ ತಂದು ಒಗೆದಳು. ಸಂಜೆಯ ತನಕ ಒಬ್ಬರ ಹಿಂದೆ ಒಬ್ಬರು ಬಂದರು.

ಕಾಶೆವ್ವ ಸೀರೆಯ ಸೆರಗು ಸಿಗಿಸಿ ಜಗಳಕ್ಕೆ ಹೊರಟಳು. ಅಷ್ಟರಲ್ಲಿ, ಹದಿನೈದು ದಿನಕ್ಕೆ ಬರುತ್ತೇನೆ ಎಂದಿದ್ದ ಗುರುಲಿಂಗಪ್ಪ ತನ್ನ ಟೇಪು ಮರೆತು ಹೋದದ್ದಕ್ಕೆ ಅವತ್ತೇ ತಿರುಗಿ ಬಂದ. ಅಗಸಿಯ ಹೊರಗೆ ಬುಟ್ಟಿ ಹೊತ್ತವರ ಸಾಲು ಕಂಡು ಸೈಕಲ್ಲಿನಿಂದ ಇಳಿಯುವುದನ್ನೂ ಮರೆತು ಬೇವಿನ ಗಿಡಕ್ಕೆ ಹೋಗಿ ಡಿಕ್ಕಿ ಹೊಡೆದ. ಬಿದ್ದಲ್ಲಿಂದಲೇ, "ಎಂಥಾ ಸಹಕಾರ! ಎಂಥಾ ಊರು!" ಎಂದು ಕೂಗಿದ. ಎದ್ದು ತಗ್ಗಿನೊಳಗೆ ಬಗ್ಗಿ ನೋಡಿ ಕಾಶೆವ್ವನಿಗೆ ಹೇಳಿದ: "ತಂಗಿ, ನೀವಿಬ್ಬರೇ ತುಂಬಿದ್ರ ಇದು ಎರಡು ವರ್ಷದ ಕೆಲಸ. ಹಿಂಗ ಊರೆಲ್ಲಾ ಹಾಕಿದ್ರ ಮಳಿಗಾಲದೊಳಗ ತುಂಬತೈತಿ. ಇಪ್ಪತ್ತು ಗಾಡಿ ಗೊಬ್ಬರ!"

ಕಾಶೆವ್ವ ಸಿಗಿಸಿದ ಸೆರಗನ್ನು ಮೆಲ್ಲಗೆ ಬಿಚ್ಚಿದಳು. ಮನೆಗೆ ಹೋಗಿ ಗಂಡನನ್ನು ಕೂಡಿಸಿಕೊಂಡು ಕೇಳಿದಳು: "ಅಲ್ರೀ, ನಿಮಗ ಸಿಟ್ಟು ಮಾಡಾಕ ಬರತೈತೇನು?"

"ಇಲ್ಲ," ಎಂದ ಮುರಿಗೆಪ್ಪ ಪ್ರಾಮಾಣಿಕವಾಗಿ.

"ಕಲೀರಿ. ನೀವು ಸುಮ್ಮನ ಕುಂತ್ರ ನಾಳೆಯಿಂದ ಯಾರೂ ಬರಾಂಗಿಲ್ಲ. ನೀವು ಕುಣದು ಕುಪ್ಪಳಿಸಿ ಬೈದ್ರ ದಿನಾ ಬರ್ತಾರ. 'ನಿಮ್ಮ ಮನಿ ಹಾಳಾಗಲಿ' ಅನ್ರಿ ನೋಡೂಣು."

"ಅಲ್ಲವ್ವನ ಮನಿ ಯಾಕ ಹಾಳಾಗಬೇಕು? ಮೊನ್ನೆ ಮಜ್ಜಿಗಿ ಕೊಟ್ಟಾಳ."

ಕಾಶೆವ್ವ ತಲೆ ಚಚ್ಚಿಕೊಂಡಳು. ಎರಡು ದಿನ ಅಭ್ಯಾಸ ಮಾಡಿಸಿದಳು. ಮುರಿಗೆಪ್ಪನ ಬಾಯಲ್ಲಿ ಒಂದು ಕೆಟ್ಟ ಬೈಗುಳವೂ ನಿಲ್ಲಲಿಲ್ಲ. ಕೊನೆಗೆ ಅವನು ತನಗೆ ಬರುವಷ್ಟನ್ನು ತಾನೇ ಕಟ್ಟಿಕೊಂಡ. ಮೂರನೆಯ ದಿನ ಅಲ್ಲವ್ವ ಬುಟ್ಟಿ ಸುರುವಿದ ಕೂಡಲೇ ಗಿಡದ ಕೆಳಗಿಂದ ಎದ್ದು, ತಲೆಯ ಪಟಗ ನೆಲಕ್ಕೆ ಬಡಿದು, "ಏ ತೂತು ಬಿದ್ದ ಕೊಡಾ!" ಎಂದು ಅರಚಿದ.

ಅಲ್ಲವ್ವ ಬೆಚ್ಚಿ ಬಿದ್ದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಓಡಿ ಹೋಗಿ ಇನ್ನೊಂದು ಬುಟ್ಟಿ ತಂದಳು.

ಅಲ್ಲಿಂದ ಮುಂದೆ ಮಸಗುಪ್ಪಿಯಲ್ಲಿ ಬೇರೆ ಮನರಂಜನೆಯೇ ಬೇಡವಾಯಿತು. ಒಬ್ಬನಿಗೆ "ಏ ಹುಳುಕ ಬದನಿಕಾಯಿ!" ಇನ್ನೊಬ್ಬನಿಗೆ "ಏ ಉಪ್ಪಿಲ್ಲದ ಝುಣಕಾ!" ಮತ್ತೊಬ್ಬಳಿಗೆ "ಏ ಬಾಲಾ ಇಲ್ಲದ ಎಮ್ಮಿ!" ಒಮ್ಮೆ ಅಂದ ಬೈಗುಳವನ್ನು ಮತ್ತೆ ಅನ್ನುತ್ತಿರಲಿಲ್ಲ. ಜನ ತಮಗೆ ಏನು ಸಿಗುತ್ತದೋ ನೋಡಲಿಕ್ಕೆಂದೇ ಅಂಗಳ ಗುಡಿಸಿ, ಹಿತ್ತಲ ಗುಡಿಸಿ, ಕೊಟ್ಟಿಗೆ ಬಳಿದು ಬುಟ್ಟಿ ತುಂಬುತ್ತಿದ್ದರು. ತಡವಾಗಿ ಬಂದವರು ಸಾಲಿನಲ್ಲಿ ನಿಂತು, "ನಿನ್ನೆ ನಮ್ಮ ಮೈದುನಗ ಹೀರಿಕಾಯಿ ಅಂದಿ, ನನಗ ಅದಕಿಂತ ದೊಡ್ಡದು ಅನ್ನಬೇಕು ನೋಡು" ಎಂದು ಕರಾರು ಮಾಡುತ್ತಿದ್ದರು. ಗೌಡರ ಮನೆಯಿಂದ ದಿನಕ್ಕೆ ನಾಲ್ಕು ಕೊಡ ಬಚ್ಚಲ ನೀರು ಬರತೊಡಗಿತು. ತಗ್ಗಿಗೆ ನೀರು ಹೊರಲು ಆಗದೆ ಒದ್ದಾಡುತ್ತಿದ್ದ ಕಾಶೆವ್ವ, ಗೌಡರ ಆಳು ಬಂದಾಗ ಮಾತ್ರ ಮರೆಯಲ್ಲಿ ನಿಂತು ಕೈ ಮುಗಿಯುತ್ತಿದ್ದಳು.

ಮುರಿಗೆಪ್ಪನಿಗೆ ಮಾತ್ರ ಇದು ದೊಡ್ಡ ಶಿಕ್ಷೆಯಾಯಿತು. ಹಗಲೆಲ್ಲ ಎಚ್ಚರ ಇರಬೇಕು. ರೊಟ್ಟಿ ತಿನ್ನುವಾಗಲೂ ಹೊಸ ಬೈಗುಳ ಯೋಚಿಸಬೇಕು. "ಕಬ್ಬಿನ ಕಳಿ ತೆಗಿಯೂದ ಸುಖ ಇತ್ತು," ಎಂದು ಹೆಂಡತಿಯ ಮುಂದೆ ಗೋಳಾಡಿದ.

"ಇನ್ನ ಎರಡು ಮೊಳ ಐತಿ, ಬೈರಿ," ಎಂದಳು ಕಾಶೆವ್ವ.

ಗುಟ್ಟು ತಿಳಿದವನು ಒಬ್ಬನೇ, ಕುರುಬರ ಖಂಡೆಪ್ಪ. ಇನ್ನೂರು ಕುರಿ ಇಟ್ಟುಕೊಂಡು ಹೊಲಹೊಲ ತಿರುಗುವವನು. ಗೊಬ್ಬರದ ಬೆಲೆ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ದಿನ ತಗ್ಗಿನ ದಂಡೆಗೆ ಕುಳಿತು ಬಹಳ ಹೊತ್ತು ನೋಡಿ, ಗಡ್ಡ ಕೆರೆದುಕೊಂಡು, "ಮುರಿಗೆಪ್ಪಾ, ಇದು ಖರೆ ಸಿಟ್ಟಲ್ಲ" ಎಂದ.

ಮುರಿಗೆಪ್ಪ ಅತ್ತಿತ್ತ ನೋಡಿದ. "ಯಾರ ಮುಂದೂ ಹೇಳಬ್ಯಾಡಪಾ."

"ಹೇಳಾಂಗಿಲ್ಲ. ಆದ್ರ ನನಗೂ ಒಂದು ಬೈಬೇಕು," ಎಂದ ಖಂಡೆಪ್ಪ. ಮರುದಿನ ಕುರಿದೊಡ್ಡಿಯ ಹಿಕ್ಕೆಯನ್ನೆಲ್ಲ ಗುಡಿಸಿ ಎರಡು ಗಾಡಿ ತಂದು ಸುರುವಿದ. ಎರಡು ಗಾಡಿಗೆ ತಕ್ಕ ಬೈಗುಳ ಹುಡುಕಲು ಮುರಿಗೆಪ್ಪನಿಗೆ ಒಂದು ಗಳಿಗೆ ಬೇಕಾಯಿತು. "ಏ ಇನ್ನೂರಾ ಒಂದನೇ ಕುರೀ!" ಎಂದ. ಖಂಡೆಪ್ಪ ತೃಪ್ತಿಯಿಂದ ಹೋದ.

ಕಾರಹುಣ್ಣಿವೆಯ ಹೊತ್ತಿಗೆ ತಗ್ಗು ಬಾಯಿತನಕ ತುಂಬಿತು. ಗಂಡ ಹೆಂಡತಿ ಅದರ ಮೇಲೆ ಮಣ್ಣು ಮೆತ್ತಿ, ಮನೆಗೆ ಕೀಲಿ ಹಾಕಿ, ಎಂದಿನಂತೆ ಮಕ್ಕಳನ್ನು ಕರೆದುಕೊಂಡು ಧುಪದಾಳಕ್ಕೆ ಹೋದರು. ಹೋದ ದಿನ ಮುರಿಗೆಪ್ಪ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದವನು ಮರುದಿನ ಮಧ್ಯಾಹ್ನದ ತನಕ ಏಳಲಿಲ್ಲ.

ಬಿತ್ತಿಗೆಗೆ ತಿರುಗಿ ಬಂದು ಮಣ್ಣು ಸರಿಸಿ ನೋಡಿದರೆ ಒಳಗೆ ಬೂದಿಯೂ ಇಲ್ಲ, ಚಾಪೆಯೂ ಇಲ್ಲ, ಹಿಕ್ಕೆಯೂ ಇಲ್ಲ. ಮುಟ್ಟಿದರೆ ಉದುರುವ ಕರಿ ಗೊಬ್ಬರ. ಮೊದಲ ಮಳೆಗೆ ನೆಲ ಬಿಡುವಂಥ ವಾಸನೆ. ಕಾಶೆವ್ವ ಒಂದು ಹಿಡಿ ತೆಗೆದು ಮೂಸಿ, "ಇದು ಊರ ಮಂದೀ ಹಾಕಿದ್ದು ಅಂದ್ರ ಯಾರು ನಂಬ್ತಾರ್ರೀ?" ಎಂದಳು. ಇಪ್ಪತ್ತನಾಲ್ಕು ಗಾಡಿ ಆಯಿತು. ನಾಲ್ಕು ಎಕರೆಗೂ ಹರಡಿ ಜೋಳ ಬಿತ್ತಿದರು.

ಆ ಸಲದ ಜೋಳ ಅವರ ಹೊಲದ್ದೇ ಎಂದು ಮುರಿಗೆಪ್ಪನಿಗೆ ನಂಬಿಕೆ ಬರಲಿಲ್ಲ. ದಂಟು ಅವನ ತಲೆ ದಾಟಿತು. ತೆನೆ ಎರಡು ಮುಷ್ಟಿ ಕೂಡಿಸಿದಷ್ಟು. ಕಣ ಮಾಡಿ ತೂರಿದಾಗ ಹನ್ನೊಂದು ಚೀಲ ತುಂಬಿತು. ಮೂವತ್ತು ವರ್ಷ ಬರಿದಾಗಿದ್ದ ಹಗೇವಿಗೆ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿ ಮುಚ್ಚಿದರು. ದನಿ ಕೇಳುವ ಆಟ ಹೋಯಿತೆಂದು ಮಕ್ಕಳು ಮಾತ್ರ ಮುಖ ಸಪ್ಪೆ ಮಾಡಿದರು.

ಊರಿಗೆ ಈಗ ಬುದ್ಧಿ ಬಂತು. ಗೌಡರು ಗಂಡ ಹೆಂಡತಿಯನ್ನು ಚಾವಡಿಗೆ ಕರೆಸಿದರು.

"ಮುರಿಗೆಪ್ಪಾ, ಅದು ಊರ ಕಸಾ. ನಮ್ಮ ನಮ್ಮ ಕಸಾ ನಮಗ ತಿರುಗಿ ಕೊಡು."

"ನಂದು ಮೂವತ್ತು ಬುಟ್ಟಿ!" ಎಂದಳು ಅಲ್ಲವ್ವ. "ಮ್ಯಾಲ ಒಂದು ಚಾಪಿ!"

"ನಂದು ನಲವತ್ತು!" "ನಂದು ಐವತ್ತು!" ಎಂದು ಎಲ್ಲರೂ ಕೂಗಿದರು. ಕೂಗಿದ ಲೆಕ್ಕ ಕೂಡಿಸಿದರೆ ಅಂಥ ನಾಲ್ಕು ತಗ್ಗು ತುಂಬುತ್ತಿದ್ದವು.

ಮುರಿಗೆಪ್ಪ ಹೆಂಡತಿಯ ಕಡೆ ನೋಡಿದ. ಕಾಶೆವ್ವ ಬಾಗಿಲ ಬಳಿಯಿಂದ ಒಂದು ಹೆಜ್ಜೆ ಮುಂದೆ ಬಂದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಬಹಳ ಮರ್ಯಾದೆಯಿಂದ ಹೇಳಿದಳು: "ಕೊಡ್ತೇವ್ರಿ. ಹಾಕಿದ್ದನ್ನ ಹಾಕಿದಾಂಗ ಕೊಡ್ತೇವಿ. ಆದ್ರ ಯಾಕ ಹಾಕಿದ್ರಿ ಅನ್ನೂದನ್ನೂ ಒಂದೊಂದು ಮಾತಿನ್ಯಾಗ ಹೇಳಿ ತಗೋರಿ. ಗೊಬ್ಬರ ಆಗಲಿ, ಇವರ ಹೊಲಾ ಚೊಲೋ ಆಗಲಿ ಅಂತ ಹಾಕಿದ್ದ್ರ ಒಂದು ಲೆಕ್ಕ. ಬ್ಯಾರೆ ಏನರೆ ಮನಸಿನ್ಯಾಗ ಇಟ್ಟು ಹಾಕಿದ್ದ್ರ ಅದನ್ನೂ ಹೇಳ್ರಿ. ಮೊದಲ ಗೌಡ್ರು ಹೇಳಲಿ. ಅವರದು ಬಚ್ಚಲ ನೀರು ಭಾಳ ಬಂದೈತಿ, ಅದನ್ನ ಹ್ಯಾಂಗ ತಿರುಗಿ ಕೊಡೂದು ಅಂತ ನಮಗೂ ಚಿಂತಿ ಆಗೈತಿ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗೌಡರು ಮೀಸೆ ಮುಟ್ಟಿಕೊಂಡರು, ಕೆಮ್ಮಿದರು. "ಗೊಬ್ಬರ ಆಗಲಿ ಅಂತನ ಹಾಕಿದ್ದು ತಂಗಿ," ಎಂದರು ಕೊನೆಗೆ. "ಊರ ಗೌಡ ಅಂದಮ್ಯಾಲ ಮಂದಿಗೆ ಮಾದರಿ ಆಗಬೇಕಲ್ಲ."

"ಹಂಗಾದ್ರ ಪುಣ್ಯದ ಕೆಲಸ. ಪುಣ್ಯಾನ್ನ ತಿರುಗಿ ತಗೋತಾರೇನ್ರಿ?" ಎಂದಳು ಕಾಶೆವ್ವ. ಗೌಡರೇ ಗೊಬ್ಬರಕ್ಕೆ ಅಂದಮೇಲೆ ಉಳಿದವರು ಬೇರೆ ಹೇಳುವಂತಿರಲಿಲ್ಲ. ಅಲ್ಲವ್ವ ಚಾಪೆಯ ಆಸೆಯನ್ನೂ ಬಿಟ್ಟಳು.

ವಾರದೊಳಗೆ ಹದಿನೇಳು ಮನೆಯವರು ಗುರುಲಿಂಗಪ್ಪನಿಗೆ ಹೇಳಿ ಕಳಿಸಿದರು. ಅವನು ಒಂದು ಚೀಲ ಸುಣ್ಣದ ಪುಡಿ ತಂದು ಊರ ತುಂಬ ಗೆರೆ ಎಳೆದ. ಗೌಡರು ಎಲ್ಲರಿಗಿಂತ ದೊಡ್ಡ ತಗ್ಗು ತೋಡಿಸಿ, ಮುರಿಗೆಪ್ಪನ ಹಾಗೆ ತಾವೂ ದಂಡೆಗೆ ನಿಂತು, "ಏ ಹುಳುಕ ಬದನಿಕಾಯಿ!" ಎಂದು ನಾಲ್ಕು ದಿನ ಕೂಗಿ ನೋಡಿದರು. ಗೌಡರ ತಗ್ಗಿಗೆ ಕಸ ಒಗೆಯುವ ಧೈರ್ಯ ಯಾರಿಗಿದೆ? ಜನ ದೂರದಿಂದಲೇ ಕೈ ಮುಗಿದು ಹೋದರು. ಕೊನೆಗೆ ಆಳುಗಳಿಂದಲೇ ತುಂಬಿಸಬೇಕಾಯಿತು.

ಊರಿನಲ್ಲಿ ಕಸ ಎನ್ನುವುದೇ ಸಿಗದಂತಾಯಿತು. ಒಲೆಗೆ ಕುಳ್ಳು ಸುಡುವುದು ಕಡಿಮೆಯಾಗಿ, ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಗೆ ಬೆಲೆ ಬಂತು. ಬೀದಿಯಲ್ಲಿ ಒಂದು ಎಮ್ಮೆ ಹೊರಟರೆ ಹಿಂದೆ ಮೂರು ಮಂದಿ ಬುಟ್ಟಿ ಹಿಡಿದು ಹೋಗುತ್ತಿದ್ದರು. ಎಮ್ಮೆ ನಿಂತರೆ ಅವರೂ ನಿಲ್ಲುವರು. ಎಮ್ಮೆ ತಿರುಗಿ ನೋಡಿದರೆ ಅವರು ಆಕಾಶ ನೋಡುವರು. ಖಂಡೆಪ್ಪನ ಕುರಿಗಳನ್ನು ತಮ್ಮ ಹೊಲದಲ್ಲಿ ನಿಲ್ಲಿಸಲು ಜನ ಪೈಪೋಟಿಯಿಂದ ಹೋಳಿಗೆ ಮಾಡಿ ಕರೆದರು. ಅವನು ಒಂದೇ ವರ್ಷದಲ್ಲಿ ಎಷ್ಟು ದಪ್ಪಗಾದನೆಂದರೆ ಕುರಿಗಳು ಮುಂದೆ ಹೋಗಿ ಅವನಿಗಾಗಿ ಕಾಯಬೇಕಾಗುತ್ತಿತ್ತು.

ಕಾರಹುಣ್ಣಿವೆ ಬಂತು, ಹೋಯಿತು. ಮುರಿಗೆಪ್ಪ ರೂಢಿಯಂತೆ ಗಂಟು ಕಟ್ಟಲು ಕುಳಿತ.

"ಎಲ್ಲಿಗೆ?" ಎಂದಳು ಕಾಶೆವ್ವ.

"ಧುಪದಾಳಕ್ಕ."

"ಯಾಕ?"

ಮುರಿಗೆಪ್ಪ ಎದ್ದು ಹೋಗಿ ಹಗೇವಿನ ಬಾಯಿ ತೆಗೆದು ಬಗ್ಗಿ ನೋಡಿದ. ಒಳಗೆ ಇನ್ನೂ ಜೋಳ ಇತ್ತು. ತಿರುಗಿ ಬಂದ. ಗಂಟು ಬಿಚ್ಚಿ ಕಂಬಳಿ ಹಾಸಿದ.

ಆಷಾಢದ ಒಂದು ಬೆಳಿಗ್ಗೆ ಮಳೆ ಜೋರಾಗಿ ಹಿಡಿಯಿತು. ನಾಲ್ವರೂ ಒಲೆಯ ಸುತ್ತ ಕುಳಿತು ಬಿಸಿ ರೊಟ್ಟಿ, ಕಾಳಿನ ಪಲ್ಯ ತಿನ್ನುತ್ತಿದ್ದರು. ಮಾಳಿಗೆಯಿಂದ ಒಂದು ಹನಿ ಮುರಿಗೆಪ್ಪನ ಮೂಗಿನ ಮೇಲೆ ಬಿತ್ತು. ಸರಿದು ಕುಳಿತ. ಅಲ್ಲಿ ಎರಡು ಹನಿ. ಮೂಲೆಯಲ್ಲಿ ಧಾರೆ. ಬಾಗಿಲ ಮೇಲೆ ಇನ್ನೊಂದು.

"ಏ, ನಮ್ಮ ಮನಿ ಸೋರತೈತಿ!" ಎಂದ ಆಶ್ಚರ್ಯದಿಂದ.

ಕಾಶೆವ್ವ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಮೇಲೆ ನೋಡಿದಳು. ಮದುವೆಯಾಗಿ ಹದಿನಾಲ್ಕು ವರ್ಷ. ಒಂದು ಮಳೆಗಾಲವನ್ನೂ ಅವಳು ಈ ಮನೆಯಲ್ಲಿ ಕಂಡಿರಲಿಲ್ಲ.

"ಇಷ್ಟು ವರ್ಷ ಸೋರಿರಬೇಕು, ಪಾಪ," ಎಂದಳು. ಎದ್ದು ಹೋಗಿ ಮನೆಯಲ್ಲಿದ್ದ ಕೊಡ, ಬೋಗುಣಿ, ಗಂಗಾಳ ಎಲ್ಲ ತಂದು ಹನಿ ಬೀಳುವಲ್ಲೆಲ್ಲ ಇಟ್ಟಳು. ಮಕ್ಕಳು ಯಾವ ಪಾತ್ರೆ ಮೊದಲು ತುಂಬುತ್ತದೆ ಎಂದು ಪಣ ಕಟ್ಟಿದರು. ಮುರಿಗೆಪ್ಪ ತನ್ನ ಪಾಲಿನ ಗಂಗಾಳದ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಕಣ್ಣು ಮಿಟುಕಿಸದೆ ಕಾಯ್ದ.